ಮೀನಿನ ಹೊಂಡದ ಹೊಂಗೆಗಿಡ

ಯಲ್ಲಮ್ಮನಿಗೆ ಸತ್ತರೆ ಹೂಳಿಸಿಕೊಳ್ಳಲು ಜಾಗ ಇರಲಿಲ್ಲ.

ಗುಡಿಸಲು ಇತ್ತು. ಒಂದು ಕರಿ ಕಂಬಳಿ ಇತ್ತು. ಗಂಡ ಸತ್ತ ಸೊಸೆ ಹಾಲಮ್ಮ ಇದ್ದಳು. ಸ್ಮಶಾನ ಇರಲಿಲ್ಲ. ಅವಳೊಬ್ಬಳಿಗಲ್ಲ, ಇಡೀ ಕೇರಿಗೆ ಇರಲಿಲ್ಲ. ಊರಿನ ಲಿಂಗವಂತರಿಗೆ ಕೋಡಿಯ ಪಕ್ಕದಲ್ಲಿ ಕಲ್ಲಿನ ಗೋಡೆ ಕಟ್ಟಿದ ರುದ್ರಭೂಮಿ ಇತ್ತು. ಮಿಕ್ಕ ಜಾತಿಯವರು ತಮ್ಮ ತಮ್ಮ ಹೊಲದ ಬದುವಿನಲ್ಲಿ ಹೂಳುತ್ತಿದ್ದರು. ನಮಗೆ ಹೊಲವೂ ಇರಲಿಲ್ಲ, ಬದುವೂ ಇರಲಿಲ್ಲ.

ಹಿಂದೆ ಜಾಗ ಇತ್ತು. ಹಳ್ಳ ಬಂದು ಕೆರೆಗೆ ಸೇರುವ ಕಡೆ, ಕೆರೆ ಅಂಗಳದ ಅಂಚಿನಲ್ಲಿ, ಹೊಂಗೆಯ ಕಾಡು ಇತ್ತು. ಅಜ್ಜಂಪುರದ ಬಸ್ಸು ಏರಿಯ ಮೇಲೆ ತಿರುಗುವಾಗ ಅದು ಕಪ್ಪಗೆ ಕಾಣುತ್ತಿತ್ತು. ಕೆರೆ ತುಂಬಿದ ವರ್ಷ ಮರಗಳು ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತಿದ್ದವು. ನೀರು ಇಳಿದ ಮೇಲೆ ಬೇರಿನ ಸಂದಿಯಲ್ಲಿ ಕೈಹಾಕಿ ಹುಡುಗರು ಏಡಿ ಹಿಡಿಯುತ್ತಿದ್ದರು. ಅದು ತಾನಾಗಿ ಬೆಳೆದ ಕಾಡಲ್ಲ. ನಮ್ಮಲ್ಲಿ ಹೆಣ ಹೂತು ಮೂರನೆಯ ದಿನ ಹಾಲು ತುಪ್ಪ ಬಿಡಲು ಹೋದವರು ತಲೆಯ ಕಡೆ ಒಂದು ಹೊಂಗೆಗಿಡ ನೆಟ್ಟು ಬರುತ್ತಾರೆ. ಕಲ್ಲು ನಿಲ್ಲಿಸುವುದಿಲ್ಲ. ಕಲ್ಲಿಗೆ ದುಡ್ಡು ಬೇಕು. ಗಿಡ ಬಿಟ್ಟಿ ಸಿಗುತ್ತದೆ. ಹಾಗೆ ಹೆಣಕ್ಕೊಂದರಂತೆ ನೆಟ್ಟು ನೆಟ್ಟು ಕಾಡಾಗಿತ್ತು. ಯಾವ ಮರ ಯಾರದು ಎಂದು ಮುದುಕರಿಗೆ ಗೊತ್ತಿತ್ತು. "ಚೌಡಜ್ಜಿ ಬುಡದಾಗೆ ಎಮ್ಮೆ ಕಟ್ಟಿ ಬಂದೀನಿ" ಎನ್ನುತ್ತಿದ್ದರು. ಚೌಡಜ್ಜಿ ಎಂದರೆ ಮರ.

ಎಪ್ಪತ್ನಾಲ್ಕರಲ್ಲಿ ಮೀನಿನ ಸ್ಕೀಮು ಬಂತು. ಕೆರೆ ಅಂಗಳದಲ್ಲಿ ಹೊಂಡ ತೋಡಿ ಮೀನುಮರಿ ಸಾಕಬೇಕು. ಎಲ್ಲಿ ತೋಡಬೇಕು ಎಂದು ಕೇಳಿದಾಗ ಪಂಚಾಯ್ತಿ ಛೇರ್ಮನ್ ಷಣ್ಮುಖಪ್ಪ ಹೊಂಗೆಯ ಕಾಡಿನ ಕಡೆ ಕೈ ತೋರಿಸಿದ. ಅಲ್ಲಿ ಯಾರ ಖಾತೆಯೂ ಇಲ್ಲ ಎಂದ. ಅದು ನಿಜ. ಸತ್ತವರ ಹೆಸರಿಗೆ ಯಾರೂ ಖಾತೆ ಮಾಡಿಸಿರಲಿಲ್ಲ. ಮರಗಳು ಲಾರಿ ಹತ್ತಿ ಇಟ್ಟಿಗೆ ಗೂಡಿಗೆ ಹೋದವು. ಮೀನು ಮುಟ್ಟದ ಷಣ್ಮುಖಪ್ಪ ತರೀಕೆರೆಯ ಒಬ್ಬನ ಹೆಸರಿನಲ್ಲಿ ಮೀನಿನ ಗುತ್ತಿಗೆ ಹಿಡಿದ.

ಹೊಂಡ ತೋಡುವ ಕೆಲಸವನ್ನು ಕೇರಿಗೇ ಕೊಟ್ಟರು. ಬರ ಬಂದು ಹೋಗಿತ್ತು. ಬೇಡ ಎನ್ನುವ ಹೊಟ್ಟೆ ಯಾರಿಗೂ ಇರಲಿಲ್ಲ. ಗಂಡಸರು ಪಿಕಾಸಿ ಹಾಕಿದರು. ಹೆಂಗಸರು ಮಂಕರಿಯಲ್ಲಿ ಮಣ್ಣು ಹೊತ್ತು ಸುತ್ತ ಕಟ್ಟೆಗೆ ಸುರಿದರು. ಮೊದಲ ಮೂಳೆ ಬಂದಾಗ ಕೆಲಸ ನಿಂತಿತು. ಮೇಸ್ತ್ರಿ ಬಂದು ನೋಡಿದ.

"ಏನ್ ನೋಡ್ತಾ ನಿಂತ್ರಿ? ಕಟ್ಟೆಗೆ ಹಾಕ್ರಿ. ಕಟ್ಟೆ ಗಟ್ಟಿ ಆಗ್ತದೆ."

ಮತ್ತೆ ಕೆಲಸ ಶುರುವಾಯಿತು.

ಹಾಲಮ್ಮನ ಗಂಡ ಮುದ್ದಪ್ಪ ಸತ್ತು ಎರಡು ವರ್ಷ ಆಗಿತ್ತು. ಬಾವಿ ತೋಡುವಾಗ ಮಣ್ಣು ಕುಸಿದು ಸತ್ತ. ಅವನ ಹೊಂಗೆ ಇನ್ನೂ ಎದೆಯುದ್ದ ಇತ್ತು. ಅದನ್ನು ಇಟ್ಟಿಗೆಯವರೂ ಒಯ್ಯದೆ ಬಿಟ್ಟಿದ್ದರು, ಕಟ್ಟಿಗೆಗೆ ಬಾರದು ಎಂದು. ಅದನ್ನು ಕಿತ್ತು ಅಗೆಯುವಾಗ ಒಂದು ತಾಮ್ರದ ಕಡ ಸಿಕ್ಕಿತು. ಕಾಮಾಲೆ ಆದಾಗ ಯಾರೋ ಹೇಳಿದರು ಎಂದು ಮುದ್ದಪ್ಪ ಕೈಗೆ ಹಾಕಿಕೊಂಡಿದ್ದ ಕಡ. ಹಾಲಮ್ಮ ಅದನ್ನು ಸೆರಗಿನ ಗಂಟಿಗೆ ಹಾಕಿಕೊಂಡಳು. ಉಳಿದದ್ದನ್ನು ಮಂಕರಿಗೆ ತುಂಬಿದರು. ಮಂಕರಿ ಎತ್ತಲು ಕೈ ಕೊಟ್ಟವನು ಮುದ್ದಪ್ಪನ ಚಿಕ್ಕಪ್ಪನ ಮಗ ಹೊನ್ನಯ್ಯ. ಅವನು ಮುಖ ತಿರುಗಿಸಿಕೊಂಡು ಎತ್ತಿದ. ಹಾಲಮ್ಮ ಗಂಡನನ್ನು ತಲೆಯ ಮೇಲೆ ಹೊತ್ತು ನಡೆದು ಕಟ್ಟೆಗೆ ಸುರಿದಳು. ಸಂಜೆ ಕೂಲಿಗೆ ಕೈ ಚಾಚಿದಳು.

ಹೊಂಡದಲ್ಲಿ ನೀರು ನಿಲ್ಲಲಿಲ್ಲ. ಮರಿಗಳು ಬೆಳ್ಳಗೆ ಹೊಟ್ಟೆ ಮೇಲೆ ಮಾಡಿ ಸತ್ತವು. ಮರುವರ್ಷ ಕೆರೆಯೇ ಒಣಗಿತು. ಸ್ಕೀಮಿನವರು ಬರುವುದು ಬಿಟ್ಟರು. ಹೊಂಡದ ತುಂಬ ಕಾಂಗ್ರೆಸ್ ಗಿಡ ಬೆಳೆಯಿತು. ಪಾಳು ಬಿದ್ದಿದೆ, ನಮಗೇ ಬಿಡಿ ಎಂದು ಕೇರಿಯವರು ಷಣ್ಮುಖಪ್ಪನ ಮನೆಯ ಮುಂದೆ ಹೋಗಿ ಕೈಕಟ್ಟಿ ನಿಂತರು.

"ಪಾಳಾದ್ರೂ ಸರ್ಕಾರದ್ದು ಕಣ್ರೋ" ಎಂದ ಅವನು. "ನಂದಾಗಿದ್ರೆ ಇವತ್ತೇ ಬಿಟ್ಟುಕೊಡ್ತಿದ್ದೆ."

ಅಲ್ಲಿಂದ ನಮ್ಮ ಹೆಣಗಳು ರೈಲಿನ ಗುಂಡಿಗೆ ಹೋದವು. ಹಳಿಯ ದಿಬ್ಬಕ್ಕೆ ಹಿಂದೆ ಮಣ್ಣು ತೆಗೆದ ಗುಂಡಿಗಳು ಹಳಿಯುದ್ದಕ್ಕೂ ಇದ್ದವು. ಗ್ಯಾಂಗ್‌ಮನ್ನಿಗೆ ಒಂದು ಬಾಟಲಿ ಕೊಟ್ಟರೆ ಅವನು ಅತ್ತ ನೋಡುತ್ತಿರಲಿಲ್ಲ. ಗಿಡ ನೆಡಲು ಬಿಡುತ್ತಿರಲಿಲ್ಲ. ಹಳಿಯ ಹತ್ತಿರ ಮರ ಬೆಳೆಯಬಾರದು ಎಂದು ರೂಲು. ಯಾರನ್ನು ಎಲ್ಲಿ ಹೂತಿದ್ದೇವೆ ಎಂದು ಮಳೆ ಒಂದು ಸಲ ಬಂದು ಹೋದರೆ ತಿಳಿಯುತ್ತಿರಲಿಲ್ಲ.

"ನನ್ನ ಆ ಗುಂಡಿಗೆ ಹಾಕ್‌ಬೇಡ ಕಣೇ ಹಾಲಿ" ಎನ್ನುತ್ತಿದ್ದಳು ಯಲ್ಲಮ್ಮ. "ರೈಲು ಬಂದಾಗೆಲ್ಲ ಎಬ್ಬಿಸ್ತದೆ. ಜೀವ ಇದ್ದಾಗಂತೂ ನಿದ್ದೆ ಇಲ್ಲ. ಸತ್ತ ಮೇಲಾದ್ರೂ ಬೇಡ್ವಾ?"

"ಮತ್ತೆಲ್ಲಿ ಹಾಕನ ಅತ್ತೆ? ಛೇರ್ಮನ್ರ ನಡುಮನೇಲಿ ಹಾಕನಾ?"

"ನನ್ನ ಮಗನ ತಾವ ಹಾಕು."

ಮಗ ಕಟ್ಟೆಯಲ್ಲಿದ್ದ. ಕಟ್ಟೆಯಲ್ಲಿ ಎಲ್ಲಿ ಎಂದು ಯಾರಿಗೂ ಗೊತ್ತಿರಲಿಲ್ಲ.

ಎಂಬತ್ನಾಲ್ಕರ ಬೇಸಿಗೆಯಲ್ಲಿ ಫಾರೆಸ್ಟರ್ ಮಲ್ಲಿಕಾರ್ಜುನಯ್ಯ ಜೀಪಿನಲ್ಲಿ ಬಂದ. ಕೇರಿಯ ಬೇವಿನ ಮರದ ಕೆಳಗೆ ನಿಂತು ಮಾತಾಡಿದ. ಕುಡಿಯಲು ನೀರು ಕೊಡಲು ಹೋದರೆ ಈಗಷ್ಟೇ ಕುಡಿದು ಬಂದೆ ಎಂದ. ಮಾತು ಮೆತ್ತಗಿತ್ತು. ಪಾಳು ಬಿದ್ದ ಮೀನಿನ ಹೊಂಡಗಳ ಮೇಲೆ ಮತ್ತೆ ಕಾಡು ಬೆಳೆಸುವ ಸ್ಕೀಮು ಬಂದಿದೆ ಎಂದ. ಅವನು ಮೊದಲು ಕುಂದಾಪುರದ ಕಡೆ ಇದ್ದನಂತೆ. ಅಲ್ಲಿ ಸಮುದ್ರದ ಹಿನ್ನೀರಿನಲ್ಲಿ ಹೀಗೇ ಕಾಡು ಕಡಿದು ಮೀನಿನ ಹೊಂಡ ಮಾಡಿ, ಆಮೇಲೆ ಹೊಂಡ ಬಿಟ್ಟು ಹೋಗಿದ್ದರಂತೆ. ಕಟ್ಟೆ ಒಡೆದು ಉಪ್ಪುನೀರನ್ನು ಒಳಗೆ ಬಿಟ್ಟು ಕಾಂಡ್ಲ ಎಂಬ ಗಿಡ ನೆಟ್ಟರಂತೆ. ಈಗ ಅಲ್ಲಿ ಮತ್ತೆ ಕಾಡು, ಏಡಿ, ಕೊಕ್ಕರೆ.

"ಉಪ್ಪುನೀರಾಗೆ ಗಿಡ ಬತ್ತದಾ ಸಾಮಿ?" ಎಂದ ಹೊನ್ನಯ್ಯ.

"ಬರ್ತದೆ. ಕಟ್ಟೆ ಒಡೀಬೇಕು ಅಷ್ಟೆ. ನೀರು ಮೊದಲು ಹೆಂಗೆ ಬಂದು ಹೋಗ್ತಿತ್ತೋ ಹಂಗೆ ಬಂದು ಹೋಗ್ಬೇಕು. ಇಲ್ಲೂ ಅದೇ. ಕಟ್ಟೆ ಒಡೆದು ಹೊಂಗೆ ಹಾಕೋಣ. ಮೊದಲು ಹೊಂಗೇನೇ ಇತ್ತಂತಲ್ಲ?"

"ಇತ್ತು. ನಾವೇ ನೆಟ್ಟಿದ್ದು" ಎಂದಳು ಹಾಲಮ್ಮ. "ಕಾಡು ಬಂದ್ಮೇಲೆ ಹೆಣ ಹೂಳಾಕೆ ಬಿಡ್ತೀರಾ ಸಾಮಿ?"

ಮಲ್ಲಿಕಾರ್ಜುನಯ್ಯ ಜೀಪಿನ ಕಡೆ ನೋಡಿದ.

"ಮೊದಲು ಗಿಡ ಬರ್ಲಿ. ಆಮೇಲೆ ನೋಡೋಣ ಕಣಮ್ಮ."

ಆ ಒಂದು ಮಾತನ್ನು ನಮ್ಮ ಕೇರಿ ಎತ್ತಿಟ್ಟುಕೊಂಡಿತು. ಇಲ್ಲ ಎನ್ನಲಿಲ್ಲವಲ್ಲ. ನೋಡೋಣ ಅಂದನಲ್ಲ. ಹಾಲಮ್ಮ ಮನೆಗೆ ಹೋಗಿ ಅತ್ತೆಗೆ ಹೇಳಿದಳು. ಯಲ್ಲಮ್ಮ ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಹಂಗಾದ್ರೆ ಗಿಡ ಬರಾಗಂಟ ಸಾಯಲ್ಲ ಬಿಡು" ಎಂದಳು.

ಹತ್ತು ವರ್ಷದ ಹಿಂದೆ ಕಟ್ಟಿದ ಕಟ್ಟೆಯನ್ನು ಅದೇ ಜನ ಒಡೆದರು. ಗಟ್ಟಿಯಾಗಿತ್ತು. ಮೇಸ್ತ್ರಿ ಹೇಳಿದ್ದು ಸರಿಯಾಗಿತ್ತು. ಪಿಕಾಸಿ ಹಾಕಿದರೆ ಕೈ ಜುಮ್ಮೆನ್ನುತ್ತಿತ್ತು. ಹೆಂಗಸರು ಒಡೆದ ಅಂಗೈಗೆ ಹೊಂಗೆ ಎಣ್ಣೆ ಹಚ್ಚಿ ಬಟ್ಟೆ ಸುತ್ತಿಕೊಂಡು ಮಾರನೆಯ ದಿನ ಅದೇ ಕೈಯಲ್ಲಿ ಗುದ್ದಲಿ ಹಿಡಿದರು. ಮಣ್ಣಿನ ಹೆಂಟೆ ಒಡೆದಾಗ ಒಳಗಿನಿಂದ ಮೂಳೆ ಬಂದವು. ತೊಡೆಯ ಮೂಳೆ, ಬೆನ್ನಿನ ಮಣಿ, ದವಡೆ. ಯಾವುದು ಯಾರದು ಎಂದು ಹೇಳುವಂತಿರಲಿಲ್ಲ.

ಏನು ಮಾಡಬೇಕು ಎಂದು ಯಾರೂ ಕೂತು ಮಾತಾಡಲಿಲ್ಲ. ಮೊದಲು ಹಾಲಮ್ಮ ಮಾಡಿದಳು. ತಾನು ತೋಡಿದ ಗುಂಡಿಗೆ ಕೈಗೆ ಸಿಕ್ಕ ನಾಲ್ಕು ಮೂಳೆ ಹಾಕಿದಳು. ಸೆರಗಿನ ಗಂಟು ಬಿಚ್ಚಿ ತಾಮ್ರದ ಕಡವನ್ನೂ ಹಾಕಿದಳು. ಮೇಲೆ ಮಣ್ಣು ಎಳೆದು, ಪ್ಲಾಸ್ಟಿಕ್ ಚೀಲ ಹರಿದು, ಹೊಂಗೆಯ ಸಸಿ ಇಟ್ಟು ಕಾಲಿನಿಂದ ಒತ್ತಿದಳು.

ಪಕ್ಕದ ಸಾಲಿನಲ್ಲಿದ್ದ ಹೆಂಗಸು ಕೇಳಿದಳು, "ಅವು ನಿನ್ನ ಗಂಡನವೇ ಅಂತ ಯಾರು ಹೇಳಿದ್ರು? ನಮ್ಮಜ್ಜನವೋ ಏನೋ."

"ನಿಮ್ಮಜ್ಜ ಆದ್ರೆ ನಿಮ್ಮಜ್ಜನೂ ಇರ್ಲಿ. ಇವರಿಬ್ಬರೂ ಹೆಂಡದಂಗಡೀಲಿ ಜೊತೆಗೇ ಕೂರ್ತಿದ್ರು."

ಸಾಲಿನುದ್ದಕ್ಕೂ ನಕ್ಕರು. ಆಮೇಲೆ ಎಲ್ಲರೂ ಅದನ್ನೇ ಮಾಡಿದರು. ಒಂದೊಂದು ಗಿಡಕ್ಕೂ ಒಂದೊಂದು ಹೆಸರು ಬಂತು. ಮಲ್ಲಿಕಾರ್ಜುನಯ್ಯ ಕೊಡೆ ಹಿಡಿದು ಓಡಾಡುತ್ತಿದ್ದ. ಅವನ ಕಣ್ಣಿಗೆ ಬಿದ್ದಿರಬೇಕು. ಏನೂ ಹೇಳಲಿಲ್ಲ. ಹೇಳಿದ್ದರೆ ಕೆಲಸ ನಿಲ್ಲುತ್ತಿತ್ತು.

ಸುತ್ತ ಕಂದಕ ತೋಡಿ, ಬಳ್ಳಾರಿ ಜಾಲಿಯ ಮುಳ್ಳಿನ ಬೇಲಿ ಹಾಕಿದರು. ಒಂದು ಕಡೆ ದಾರಿ ಬಿಟ್ಟು ಬಿದಿರಿನ ತಡಿಕೆ ಕಟ್ಟಿದರು. ಹೊನ್ನಯ್ಯನನ್ನು ವಾಚರ್ ಮಾಡಿದರು. ಖಾಕಿ ಅಂಗಿ ಕೊಟ್ಟರು. ಪ್ಯಾಂಟು ಕೊಡಲಿಲ್ಲ. ಅವನು ಪಂಚೆಯ ಮೇಲೆ ಖಾಕಿ ಹಾಕಿಕೊಂಡು ಕೇರಿಯಲ್ಲಿ ನಡೆದರೆ ಮುದುಕಿಯರು ಬೇಕೆಂದೇ ಎದ್ದು ನಿಲ್ಲುತ್ತಿದ್ದರು.

"ಸಲಾಂ ಸಾಹೇಬ್ರೇ. ನಮ್ಮ ಆಡು ಹಿಡ್ಕಂಡು ಹೋಗ್‌ಬೇಡಿ."

"ಸುಮ್ಕಿರವ್ವ. ನನ್ನ ಅಪ್ಪನೂ ಒಳಗೇ ಅವ್ನೆ. ಅವನ ತಲೆ ಮೇಲೆ ಆಡು ಬಿಡ್ತೀನಾ?"

ಮಳೆ ಚೆನ್ನಾಗಿ ಆಯಿತು. ಕೆರೆ ನೀರು ಒಡೆದ ಕಟ್ಟೆಯ ಒಳಗೆ ಬಂದು ಗಿಡಗಳ ಬುಡ ಮುಟ್ಟಿ ಹಿಂದೆ ಸರಿಯಿತು. ಗಿಡ ಚಿಗುರಿದವು. ಮರುವರ್ಷ ಮೊಣಕಾಲೆತ್ತರ ಬಂದವು. ಯಲ್ಲಮ್ಮನ ಕಾಲು ಊದಿಕೊಂಡಿತ್ತು. ನಡೆಯಲು ಆಗುತ್ತಿರಲಿಲ್ಲ. ಹಾಲಮ್ಮ ಅವಳನ್ನು ಬೆನ್ನ ಮೇಲೆ ಹೊತ್ತು ಒಂದು ಸಲ ಬೇಲಿಯವರೆಗೆ ಕರೆದುಕೊಂಡು ಹೋಗಿ ತೋರಿಸಿದಳು.

"ಮುದ್ದ ಯಾವ್ದೇ?"

"ಹಗೋ, ಹಳ್ಳದ ಕಡೆಯಿಂದ ಮೂರನೇ ಸಾಲು. ಸ್ವಲ್ಪ ಸೊಟ್ಟಗೈತಲ್ಲ."

"ಹುಟ್ಟಿದಾಗ್ಲೂ ಸೊಟ್ಟಗೇ ಇದ್ದ" ಎಂದಳು ಮುದುಕಿ. ಬಹಳ ಹೊತ್ತು ನೋಡಿದಳು. "ಅವನ ಪಕ್ಕದಾಗೆ ಜಾಗ ಐತೆ. ಗಿಡ ಗಿಡದ ಮಧ್ಯ ನಾನು ಹಿಡೀತೀನಿ. ನಾನೇನು ಉದ್ದ ಇಲ್ಲ."

ಆ ವರ್ಷ ಮಾರ್ನಾಮಿ ಅಮಾಸೆಗೆ ಹಿರಿಯರ ಹಬ್ಬ ಬಂತು. ಹನ್ನೊಂದು ವರ್ಷ ಕೇರಿಯವರು ಎಡೆಯನ್ನು ಮನೆಯ ಸೂರಿನ ಕೆಳಗೆ ಇಡುತ್ತಿದ್ದರು. ಅದು ಹಿರಿಯರಿಗೆ ಮುಟ್ಟುವುದಿಲ್ಲ ಎಂದು ಇಟ್ಟವರಿಗೂ ಗೊತ್ತಿತ್ತು. ಎಡೆಯನ್ನು ಹೂತ ಜಾಗದಲ್ಲೇ ಇಡಬೇಕು. ಈ ಸಲ ಗಿಡಗಳ ಬುಡದಲ್ಲಿ ಇಡೋಣ ಎಂದರು. ಹೊನ್ನಯ್ಯ ತಡಿಕೆ ತೆಗೆದ. ಸಂಜೆಯ ಬಿಸಿಲಿನಲ್ಲಿ ಮನೆಮನೆಯವರು ಮುದ್ದೆ, ಬಾಡಿನ ಸಾರು, ಬೇಯಿಸಿದ ಅವರೆಕಾಳು, ಚೊಂಬಿನಲ್ಲಿ ಹೆಂಡ ತಂದರು. ಮುತ್ತುಗದ ಎಲೆ ಹಾಸಿ ಬಡಿಸಿದರು. ಹೊಂಗೆಯ ಕಾಡು ಹೋದ ಮೇಲೆ ಹುಟ್ಟಿದ ಮಕ್ಕಳಿಗೆ ಇದು ನಿಮ್ಮ ತಾತ, ಇದು ನಿಮ್ಮ ಅತ್ತೆ ಎಂದು ತೋರಿಸಿದರು. ಮಕ್ಕಳು ಗಿಡಕ್ಕೆ ಕೈಮುಗಿದರು.

ಎಡೆ ಇಟ್ಟವರು ತಿರುಗಿ ನೋಡಬಾರದು. ಮಾರನೆಯ ದಿನ ಹೊತ್ತು ಹುಟ್ಟುವವರೆಗೆ ಯಾರೂ ಅತ್ತ ಸುಳಿಯಬಾರದು. ಜನ ಇದ್ದರೆ ಹಿರಿಯರು ನಾಚಿಕೊಳ್ಳುತ್ತಾರೆ, ಉಣ್ಣುವುದಿಲ್ಲ. ಹೊನ್ನಯ್ಯನೂ ತನ್ನ ಅಪ್ಪನಿಗೆ ಎಡೆ ಇಟ್ಟು, ತಿರುಗಿ ನೋಡದೆ ಮನೆಗೆ ಬಂದ. ಕಾವಲು ಇರಲಿಲ್ಲ. ಹಿರಿಯರು ಬರುವ ದಾರಿ ಎಂದು ತಡಿಕೆಯನ್ನೂ ಮುಚ್ಚಲಿಲ್ಲ.

ಹಿಂದೆಯೂ ಎಡೆಯನ್ನು ನರಿಯೋ ನಾಯಿಯೋ ತಿನ್ನುತ್ತಿದ್ದವು. ಹಿರಿಯರು ಯಾವ ರೂಪದಲ್ಲಾದರೂ ಬರುತ್ತಾರೆ ಎನ್ನುತ್ತಿದ್ದರು. ಆಗ ಮರಗಳು ದೊಡ್ಡವಿದ್ದವು. ಈಗ ಮೊಣಕಾಲೆತ್ತರ ಇದ್ದವು. ಅದು ಯಾರಿಗೂ ಹೊಳೆಯಲಿಲ್ಲ. ನನ್ನ ಅವ್ವನಿಗೂ ಹೊಳೆಯಲಿಲ್ಲ.

ಬೆಳಿಗ್ಗೆ ಹೋಗಿ ನೋಡಿದರೆ ಗುಡ್ಡದ ಹಂದಿಗಳು ಬಂದು ಹೋಗಿದ್ದವು. ಬಾಡಿನ ಸಾರು ಚೆಲ್ಲಿದ ಮಣ್ಣನ್ನೆಲ್ಲ ಮೂತಿಯಿಂದ ಉತ್ತಿದ್ದವು. ಸಾಲು ಸಾಲಿಗೆ ಗಿಡ ಬುಡಮೇಲಾಗಿ ಬಿದ್ದಿತ್ತು. ಬೇರಿನ ಜೊತೆ ಮೂಳೆ ಮೇಲೆ ಬಂದು, ಇಬ್ಬನಿಯಲ್ಲಿ ತೊಯ್ದು ಬೆಳ್ಳಗೆ ಕಾಣುತ್ತಿದ್ದವು. ಯಾರೂ ಅಳಲಿಲ್ಲ. ಹಾಲಮ್ಮ ಮೂರನೆಯ ಸಾಲಿಗೆ ಹೋದಳು. ಸೊಟ್ಟ ಗಿಡ ಎರಡು ತುಂಡಾಗಿತ್ತು. ಅವಳು ಕುಕ್ಕರುಗಾಲಿನಲ್ಲಿ ಕೂತು ಕೆಸರನ್ನು ಬೆರಳಿನಿಂದ ಜಾಲಾಡಿದಳು. ಮುಂಗೈವರೆಗೆ ಹಾಕಿ ಹುಡುಕಿದಳು. ಕಡ ಸಿಗಲಿಲ್ಲ.

ಮಧ್ಯಾಹ್ನ ಮಲ್ಲಿಕಾರ್ಜುನಯ್ಯ ಬಂದ. ಷಣ್ಮುಖಪ್ಪನೂ ಬಂದು ಕಟ್ಟೆಯ ಮುರುಕಿನ ಮೇಲೆ ನಿಂತ. ಬರುವ ತಿಂಗಳು ಮೇಲಿನವರು ಇನ್‌ಸ್ಪೆಕ್ಷನ್ನಿಗೆ ಬರುವವರಿದ್ದರು. ಮಲ್ಲಿಕಾರ್ಜುನಯ್ಯ ಮೊದಲು ಹೊನ್ನಯ್ಯನನ್ನು ಕೇಳಿದ.

"ಕಾವಲು ಬಿಟ್ಟು ಎಲ್ಲಿ ಸತ್ತಿದ್ದೆ?"

"ಹಬ್ಬ ಸಾಮಿ."

"ನಿನ್ನ ಹಬ್ಬಕ್ಕೆ ಸರ್ಕಾರದ ಪ್ಲಾಂಟೇಶನ್ ಬೇಕಾಗಿತ್ತಾ?"

ಹೊನ್ನಯ್ಯ ಖಾಕಿಯ ಗುಂಡಿ ತಿರುಗಿಸುತ್ತ ನಿಂತ.

ಕೇಸು ಹಾಕಬೇಕು ಎಂದು ಮಾತು ಬಂತು. ಕಾಡಿಗೆ ನುಗ್ಗಿದ ಕೇಸು. ಕೇರಿಯ ಎಲ್ಲರ ಮೇಲೂ. ಷಣ್ಮುಖಪ್ಪ ನಡುವೆ ಬಂದು ನ್ಯಾಯ ಹೇಳಿದ. ಕೇಸು ಬೇಡ, ಬಡವರು, ಕೋರ್ಟಿಗೆ ಅಲೆದು ಸಾಯ್ತಾರೆ. ಕೂಲಿ ಇಲ್ಲದೆ ಅವರೇ ಮತ್ತೆ ನೆಡಲಿ. ಇನ್ನು ಮೇಲೆ ಬೇಲಿಯ ಒಳಗೆ ಕಾಲಿಡಲ್ಲ ಎಂದು ಎಲ್ಲರ ಮುಂದೆ ಹೇಳಲಿ. ಕೇರಿಯ ಗಂಡಸರು ತಲೆ ಆಡಿಸಿದರು. ಬೇರೆ ಏನು ಮಾಡಲು ಬರುತ್ತಿತ್ತೋ ಅವರಿಗೆ ತಿಳಿಯಲಿಲ್ಲ. ನನಗೂ ಇವತ್ತಿಗೂ ತಿಳಿದಿಲ್ಲ.

ಮಲ್ಲಿಕಾರ್ಜುನಯ್ಯ ಹಾಲಮ್ಮನನ್ನು ಪಕ್ಕಕ್ಕೆ ಕರೆದ. ಹೆಂಗಸರ ಗುಂಪಿಗೆ ಅವಳೇ ಮುಂದಾಳು.

"ನಿಮ್ಮತ್ತೆಗೆ ಹುಷಾರಿಲ್ವಂತೆ."

"ಹೂಂ ಸಾಮಿ. ಇವತ್ತೋ ನಾಳೆಯೋ ಅನ್ನಂಗೆ ಐತೆ."

"ನೋಡಮ್ಮ. ಈ ಮೂಳೆ ಇಲ್ಲೇ ಇದ್ರೆ ಹಂದಿ ಮತ್ತೆ ಬರ್ತವೆ. ಪೂರ್ತಿ ಆರಿಸಿ ತೆಗೆಸು. ಗುಂಡಿ ಆಳ ಮಾಡಿ ಹೊಸ ಮಣ್ಣು ತುಂಬಿ ನೆಡ್ಸು. ನೀನು ಹೇಳಿದ್ರೆ ಹೆಂಗಸರು ಕೇಳ್ತಾರೆ. ಅಷ್ಟು ಮಾಡು. ನಿಮ್ಮತ್ತೇದು ಆದಾಗ, ಹಳ್ಳದ ಕಡೆ ಮೂಲೆ ಇದೆಯಲ್ಲ, ಅಲ್ಲಿ ಬೆಳಗಿನ ಜಾವ ತಂದು ಇಟ್ಟುಬಿಡಿ. ತಮಟೆ ಗಿಮಟೆ ಬೇಡ. ನಾನು ನೋಡಿಲ್ಲ ಅಂದ್ಕೋ."

"ಒಂದೇನಾ ಸಾಮಿ?"

"ಒಂದೇ. ಅದಕ್ಕೇ ನನ್ನ ಕೆಲಸಕ್ಕೆ ಕುತ್ತು."

ಅವನು ಸುಳ್ಳು ಹೇಳಲಿಲ್ಲ. ಮಾಡುತ್ತೇನೆ ಎಂದದ್ದನ್ನು ಮಾಡುವ ಮನುಷ್ಯನೇ. ಹಾಲಮ್ಮನಿಗೂ ಅದು ಗೊತ್ತಿತ್ತು. ಹಳ್ಳದ ಕಡೆಯ ಮೂಲೆ ಮೂರನೆಯ ಸಾಲಿಗೆ ಹತ್ತಿರವೇ. ಅವಳು ಹಿಂದೆ ಬಂದಳು. ಮಂಕರಿ ತೆಗೆದುಕೊಂಡಳು. ಮೊದಲ ಗುಂಡಿಯ ಹತ್ತಿರ ಕೂತು ಕೈ ಹಾಕಿದಳು.

ಸಿಕ್ಕಿದ್ದು ಒಂದು ಸಣ್ಣ ದವಡೆ. ಹಾಲುಹಲ್ಲಿನದು. ಯಾರ ಮನೆಯದೋ. ಅವಳು ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಕೂತಳು. ಹೆಂಗಸರೆಲ್ಲ ಅವಳನ್ನೇ ನೋಡುತ್ತಿದ್ದರು. ಆಮೇಲೆ ದವಡೆಯನ್ನು ಮತ್ತೆ ಗುಂಡಿಯಲ್ಲಿ ಇಟ್ಟು ಎರಡೂ ಕೈಯಿಂದ ಮಣ್ಣು ಎಳೆದಳು. ಮಂಕರಿ ಕವುಚಿ ಹಾಕಿದಳು.

"ಆಗಲ್ಲ ಸಾಮಿ."

"ಏನಾಗಲ್ಲ?" ಎಂದ ಷಣ್ಮುಖಪ್ಪ ಕಟ್ಟೆಯ ಮೇಲಿನಿಂದ.

"ಮೀನಿಗೆ ಅಂತ ಒಂದ್ಸಲ ತೆಗೆಸಿದ್ರಿ. ತೆಗೆದ್ವಿ. ಗಿಡಕ್ಕೆ ಅಂತ ಇನ್ನೊಂದ್ಸಲ ತೆಗೆಯಲ್ಲ."

"ಲೇ, ಇದರಾಗೆ ನಿನ್ನ ಗಂಡನ ಮೂಳೆ ಯಾವ್ದು ಅಂತ ನಿನಗೆ ಗೊತ್ತೇನೇ?"

"ಗೊತ್ತಿಲ್ಲ ಬುದ್ಧಿ. ಅದಕ್ಕೇ ಎಲ್ಲಾ ನಂದೇ."

"ಜಾಗ ಸರ್ಕಾರದ್ದು. ಗಿಡ ಸರ್ಕಾರದ್ದು. ಮೂಳೆ ಒಂದು ನಿಮ್ದು. ನಿಮ್ದನ್ನ ನೀವು ತಗೊಂಡೋಗಿ ಅಂದ್ರೂ ಜಗ್ಗಾಡ್ತೀರಲ್ಲ."

"ಎಲ್ಲಿಗೆ ತಗಂಡೋಗನ ಬುದ್ಧಿ?"

ಷಣ್ಮುಖಪ್ಪ ಕೊಡೆ ಬಿಚ್ಚಿಕೊಂಡು ಊರ ಕಡೆ ಹೋದ. ಹಾಲಮ್ಮ ಕೆಸರು ಕೈಯನ್ನು ಸೀರೆಗೆ ಒರೆಸಿಕೊಂಡು ಕೇರಿಯ ಕಡೆ ನಡೆದಳು. ಅವಳ ಹಿಂದೆ ಯಾರೂ ಹೋಗಲಿಲ್ಲ. ಆಮೇಲೆ ಒಬ್ಬಳು ಆ ಮಂಕರಿಯನ್ನು ನೆಟ್ಟಗೆ ಮಾಡಿದಳು. ಕೇಸಿನ ಹೆದರಿಕೆ. ಅವಳ ಗಂಡನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಇನ್ನೊಬ್ಬಳು ಕೂತಳು. ಮತ್ತೊಬ್ಬಳು ಕೂತಳು. ಅವರಲ್ಲಿ ನನ್ನ ಅವ್ವನೂ ಇದ್ದಳು. ಸಂಜೆಯ ಹೊತ್ತಿಗೆ ಮೂಳೆ ಬೆರೆತ ಮಣ್ಣಿನಿಂದ ಟ್ರಾಕ್ಟರಿನ ಟ್ರೇಲರು ತುಂಬಿತು. ಏರಿಯ ರಸ್ತೆಯಲ್ಲಿ ಮಳೆಗೆ ಗುಂಡಿ ಬಿದ್ದಿತ್ತು. ಮಣ್ಣನ್ನು ಅಲ್ಲಿಗೆ ಸುರಿದು ಚಪ್ಪಟೆ ಮಾಡಿದರು. ಈಗಲೂ ಬಸ್ಸು ಅದರ ಮೇಲೆಯೇ ಹೋಗುತ್ತದೆ. ಷಣ್ಮುಖಪ್ಪನ ಕಮಾನು ಗಾಡಿ ಕೂಡ.

ಹಾಲಮ್ಮ ಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದಳು. ಮೂಲೆ ಕೊಡುತ್ತೇನೆ ಎಂದದ್ದನ್ನೂ ಹೇಳಿದಳು. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಸರಿ ಮಾಡಿದೆ ಎಂದು ಮುದುಕಿ ಹೇಳಿಯಾಳು ಎಂದುಕೊಂಡಿದ್ದಳೋ ಏನೋ.

"ನಿನಗೇನು ಬಂದಿತ್ತೇ ಧಾಡಿ?" ಎಂದಳು ಯಲ್ಲಮ್ಮ. "ಮೂಳೆಗೆ ಜೀವ ಐತಾ? ಸತ್ತೋರು ಆಗ್ಲೇ ಸತ್ತವ್ರೆ. ಸಾಯಾಕೆ ಕುಂತಿರೋಳು ನಾನು."

"ಮಕ್ಕಳ ಮೂಳೆ ಅತ್ತೆ."

"ನಂಗೆ ಜಾಗ ಸಿಕ್ಕಿತ್ತು. ಕಳೆದ್ಯಲ್ಲೇ."

ಮುದುಕಿ ಗೋಡೆಯ ಕಡೆ ತಿರುಗಿ ಮಲಗಿದಳು. ಆಮೇಲೆ ಸೊಸೆಯ ಜೊತೆ ಮಾತಾಡಲಿಲ್ಲ. ಹಾಲಮ್ಮ ಗಂಜಿ ಕುಡಿಸಿದರೆ ಕುಡಿಯುತ್ತಿದ್ದಳು. ಮೈ ಒರೆಸಿದರೆ ಒರೆಸಿಕೊಳ್ಳುತ್ತಿದ್ದಳು. ಕಾಲಿನ ಊತಕ್ಕೆ ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಿದರೆ ಕಟ್ಟಿಸಿಕೊಳ್ಳುತ್ತಿದ್ದಳು. ಪಕ್ಕದ ಮನೆಯವರು ಬಂದರೆ ಅವರ ಜೊತೆ ಎರಡು ಮಾತು ಆಡುತ್ತಿದ್ದಳು. ಸೊಸೆ ಒಳಗೆ ಬಂದರೆ ನಿಲ್ಲಿಸುತ್ತಿದ್ದಳು. ಒಂಬತ್ತನೆಯ ದಿನ ಬೆಳಿಗ್ಗೆ ಹಾಲಮ್ಮ ಗಂಜಿಯ ಲೋಟ ಹಿಡಿದು ಕೂತಿದ್ದಾಗಲೇ ಸತ್ತಳು.

ಹೆಣವನ್ನು ಚಟ್ಟದ ಮೇಲೆ ಬೇಲಿಯವರೆಗೆ ತಂದರು. ಹಾಲಮ್ಮ ಹಟ ಮಾಡಿದಳು, ಅದಕ್ಕೆ ತಂದರು. ನಾಲ್ಕು ಜನಕ್ಕಿಂತ ಹೆಚ್ಚು ಬರಲಿಲ್ಲ. ಹೊಸ ಗಿಡಗಳು ಬೇಲಿಯ ಒಳಗೆ ಸಾಲಾಗಿ ನಿಂತಿದ್ದವು. ತಡಿಕೆಯನ್ನು ಮುಳ್ಳುತಂತಿಯಿಂದ ಬಿಗಿದಿದ್ದರು. ಒಳಗೆ ಹೊನ್ನಯ್ಯ ದೊಣ್ಣೆ ಹಿಡಿದು ನಿಂತಿದ್ದ. ಇನ್‌ಸ್ಪೆಕ್ಷನ್ ಮುಗಿಯುವವರೆಗೆ ಒಬ್ಬರನ್ನೂ ಬಿಡದಿದ್ದರೆ ಕೆಲಸ ಉಳಿಯುತ್ತದೆ ಎಂದು ಅವನಿಗೆ ಹೇಳಿದ್ದರು.

"ತೆಗಿ ಹೊನ್ನ."

"ಅತ್ಗೆ, ಬೇಡ."

"ನಿನಗೆ ಎದೆಹಾಲು ಕೊಟ್ಟೋಳು ಕಣೋ ಇವಳು. ನಿಮ್ಮವ್ವ ಬಾಣಂತನದಾಗೆ ಸತ್ತಾಗ."

"ಗೊತ್ತು ಅತ್ಗೆ."

"ಗೊತ್ತಿದ್ರೆ ತೆಗಿ."

"ಫಾರೆಸ್ಟ್ ಗಾರ್ಡು ಏರಿ ಮೇಲೆ ಕುಂತವ್ನೆ. ನೋಡ್ತಾ ಅವ್ನೆ." ಹೊನ್ನಯ್ಯ ದೊಣ್ಣೆಯನ್ನು ಎದೆಗೆ ಅಡ್ಡ ಹಿಡಿದಿದ್ದ. "ನನ್ನ ಮಕ್ಕಳ ಮುಖ ನೋಡು ಅತ್ಗೆ."

ಹಾಲಮ್ಮ ತಡಿಕೆಗೆ ಕೈ ಹಾಕಿ ಎಳೆದಳು. ಮುಳ್ಳು ಅಂಗೈಗೆ ಹೊಕ್ಕಿತು. ಇನ್ನೊಂದು ಸಲ ಎಳೆದಳು. ತಂತಿ ಹೊಸದು. ಹೊನ್ನಯ್ಯ ಅವಳನ್ನು ಹೊಡೆಯಲಿಲ್ಲ, ನೂಕಲಿಲ್ಲ. ಒಳಗಿನಿಂದ ತಡಿಕೆಗೆ ಬೆನ್ನು ಕೊಟ್ಟು, ಅವಳ ಕಡೆ ತಿರುಗದೆ ನಿಂತುಬಿಟ್ಟ. ಹಾಲಮ್ಮ ಅವನ ಖಾಕಿಯ ಬೆನ್ನು ನೋಡುತ್ತ ಕೂತಳು. ಬಿಸಿಲು ಏರಿತು. ಹೆಣದ ಮೇಲೆ ನೊಣ ಕೂರತೊಡಗಿದವು. ಮಲ್ಲಿಕಾರ್ಜುನಯ್ಯ ತರೀಕೆರೆಯಲ್ಲಿ ಮೀಟಿಂಗಿನಲ್ಲಿದ್ದಾನೆ ಎಂದು ಗಾರ್ಡು ಏರಿಯ ಮೇಲಿನಿಂದಲೇ ಕೂಗಿ ಹೇಳಿದ. ಚಟ್ಟ ಹೊತ್ತು ಬಂದವರಲ್ಲಿ ಇಬ್ಬರಿಗೆ ಮಧ್ಯಾಹ್ನ ಗದ್ದೆಯ ಕೆಲಸ ಇತ್ತು.

"ಏಳು ಹಾಲಕ್ಕ" ಎಂದರು. "ಹೆಣ ಕೆಡ್ತದೆ."

ಅವಳು ಎದ್ದಳು.

ಯಲ್ಲಮ್ಮನನ್ನು ರೈಲಿನ ಗುಂಡಿಯಲ್ಲಿ ಹೂತರು. ಮಣ್ಣು ಎಳೆಯುತ್ತಿದ್ದಾಗ ಬೀರೂರು ಕಡೆಯಿಂದ ಗೂಡ್ಸ್ ರೈಲು ಬಂತು. ಅದು ಪೂರ್ತಿ ದಾಟುವವರೆಗೆ ಹಾಲಮ್ಮ ಗುದ್ದಲಿ ನಿಲ್ಲಿಸಿಕೊಂಡು ನಿಂತಿದ್ದಳು. ಅದು ಹೋದ ಮೇಲೆ ಉಳಿದ ಮಣ್ಣು ಎಳೆದಳು. ಮೂರನೆಯ ದಿನ ಹಾಲು ತುಪ್ಪ ಬಿಟ್ಟಳು. ಗಿಡ ನೆಡಲಿಲ್ಲ.

ಇನ್‌ಸ್ಪೆಕ್ಷನ್ ಚೆನ್ನಾಗಿ ಆಯಿತು. ಬಂದವರು ಫೋಟೋ ತೆಗೆದುಕೊಂಡರು. ಪಾಳು ಹೊಂಡದಲ್ಲಿ ಇಷ್ಟು ಚೆನ್ನಾಗಿ ಗಿಡ ಬಂದದ್ದನ್ನು ಅವರು ಎಲ್ಲೂ ನೋಡಿರಲಿಲ್ಲವಂತೆ. ಮಾರನೆಯ ವಾರ ಹೊನ್ನಯ್ಯನ ಖಾಕಿ ಅಂಗಿ ವಾಪಸು ತೆಗೆದುಕೊಂಡರು. ಅವನ ಮೇಲೆ ರಿಪೋರ್ಟು ಆಗಲೇ ಹೋಗಿತ್ತಂತೆ.

ಈಗ ಎಂಬತ್ತೊಂಬತ್ತು. ಹೊಂಗೆಗಳು ಆಳೆತ್ತರ ದಾಟಿವೆ. ಕೆರೆ ತುಂಬಿದಾಗ ಮೊಣಕಾಲುದ್ದ ನೀರಿನಲ್ಲಿ ನಿಲ್ಲುತ್ತವೆ. ಕೊಕ್ಕರೆ ಬಂದಿವೆ. ಬೇರಿನ ಸಂದಿಯಲ್ಲಿ ಏಡಿಯೂ ಇರಬೇಕು. ಅಲ್ಲಿ ಕೈ ಹಾಕಿ ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. ಬೇಲಿಗೆ ಈಗ ಕಲ್ಲಿನ ಕಂಬ ಹಾಕಿದ್ದಾರೆ. ಹಾಲಮ್ಮ ಕೂಲಿಗೆ ಹೋಗುವಾಗ ಏರಿಯ ರಸ್ತೆಯಲ್ಲಿ ಹೋಗುವುದಿಲ್ಲ. ಹೊಲದ ಒಳಗೆ ಸುತ್ತು ಹಾಕಿಕೊಂಡು ಹೋಗುತ್ತಾಳೆ.

ಹೋದದ್ದು ಇಷ್ಟು. ಒಂದು ಹೊಂಗೆಯ ಕಾಡು. ಒಂದು ಸ್ಮಶಾನ. ಒಂದು ತಾಮ್ರದ ಕಡ. ಒಂದು ವಾಚರ್ ಕೆಲಸ. ಒಂದು ಟ್ರೇಲರು ಮಣ್ಣಿನಲ್ಲಿ ನಮ್ಮ ಹಿರಿಯರು, ಎಷ್ಟು ಜನ ಎಂದು ಎಣಿಸಿದವರಿಲ್ಲ. ಯಲ್ಲಮ್ಮ ಸೊಸೆಯ ಜೊತೆ ಆಡದೆ ಬಿಟ್ಟ ಒಂಬತ್ತು ದಿನದ ಮಾತು.